ಮೂರು ಸಲ 205

ಆರ್‌ಸಿಬಿಗೆ ರನ್ ಉಳಿಸಿಕೊಳ್ಳಲಾಗದಾಗ ಉತ್ತರಹಳ್ಳಿಯ ಹೋಟೆಲುಗಳಲ್ಲಿ ನಾನು ಕೇಳುವ ಸಮಜಾಯಿಷಿ ಒಂದೇ: ಚಿನ್ನಸ್ವಾಮಿ ಚಿಕ್ಕ ಮೈದಾನ. ನನಗದು ಅರ್ಧಸತ್ಯ.

ಇದೇ ಮೈದಾನದಲ್ಲಿ ತಂಡ 2018ರಲ್ಲಿ ಚೆನ್ನೈ ವಿರುದ್ಧ 205 ಗಳಿಸಿ ಸೋತಿತು. 2019ರಲ್ಲಿ ಕೋಲ್ಕತ್ತ ವಿರುದ್ಧವೂ 205. ರಸೆಲ್ 13 ಎಸೆತಗಳಲ್ಲಿ 48 ಬಾರಿಸಿ ಪಂದ್ಯ ಕಸಿದರು. 2025ರ ಏಪ್ರಿಲ್‌ನಲ್ಲಿ ರಾಜಸ್ಥಾನದ ವಿರುದ್ಧ ಮತ್ತದೇ 205. ಈ ಸಲ 11 ರನ್ನುಗಳ ಗೆಲುವು. ಮೈದಾನ ಹಿಗ್ಗಿರಲಿಲ್ಲ. ಹೇಜಲ್‌ವುಡ್ 19ನೇ ಓವರಿನಲ್ಲಿ ಒಂದೇ ರನ್ ಕೊಟ್ಟು ಎರಡು ವಿಕೆಟ್ ಕಿತ್ತಿದ್ದರು.

ಕೊರತೆಯಿದ್ದದ್ದು ಕೊನೆಯ ಓವರುಗಳನ್ನು ನಂಬಿ ಒಪ್ಪಿಸಬಹುದಾದ ಕೈಯದು. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಎಂದು ನಾವು ಹೇಳಿಕೊಂಡ ಕಥೆಯಲ್ಲಿ ಬೌಲರನಿಗೆ ಜಾಗ ಕಡಿಮೆ. ಸಿಕ್ಸರನ್ನಷ್ಟೇ ಕೊಂಡಾಡುವ ಊರು ಯಾರ್ಕರ್ ಬೀಳದಾಗ ಮೈದಾನವನ್ನು ದೂರಿದರೆ ಹೇಗೆ?