ನೆಲದ ಪ್ರಶ್ನೆಗೆ ನಾಲ್ಕೇ ಉತ್ತರ

ತೂಬಗೆರೆಯಲ್ಲಿ ಒಂದು ಭಾನುವಾರ ನಾವು ನಾಲ್ವರು ಗೆಳೆಯರು ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ‘ಪೊಲಿಟಿಕಲ್ ಕಂಪಾಸ್’ ಪರೀಕ್ಷೆ ತೆಗೆದುಕೊಂಡೆವು. 2001ರಿಂದ ಅಂತರಜಾಲದಲ್ಲಿರುವ ಈ ಪರೀಕ್ಷೆಯಲ್ಲಿ 62 ಹೇಳಿಕೆಗಳಿವೆ. ಖಂಡಿತ ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ: ಈ ನಾಲ್ಕರಲ್ಲೇ ಒಂದನ್ನು ಒತ್ತಬೇಕು. ಕೊನೆಗೆ ಒಂದು ಚೌಕದೊಳಗೆ ನಮ್ಮ ಚುಕ್ಕಿ ಮೂಡುತ್ತದೆ. ಅಡ್ಡಗೆರೆ ಅರ್ಥನೀತಿಯಲ್ಲಿ ಎಡವೋ ಬಲವೋ ಎಂಬುದನ್ನು ಅಳೆಯುತ್ತದೆ, ಉದ್ದಗೆರೆ ಅಧಿಕಾರದ ಪರವೋ ವ್ಯಕ್ತಿಸ್ವಾತಂತ್ರ್ಯದ ಪರವೋ ಎಂಬುದನ್ನು. ಚುಕ್ಕಿ ಮೂಡಿದ ಕೂಡಲೇ ನಾಲ್ಕು ಮೊಬೈಲುಗಳೂ ಒಂದರ ಪಕ್ಕ ಒಂದು ಬಂದವು.

ಹೀಗೆ ಹೋಲಿಸಿ ನೋಡುವುದು ಈಗ ಎಲ್ಲೆಡೆಯ ರೂಢಿ. ಆ ಚುಕ್ಕಿಯನ್ನು ಎಷ್ಟು ನಂಬಬಹುದು ಎಂಬುದು ನನ್ನ ಪ್ರಶ್ನೆ.

ನೆಲವು ಕೊಂಡು ಮಾರುವ ಸರಕಾಗಬಾರದು ಎಂಬ ಅರ್ಥದ ಒಂದು ಹೇಳಿಕೆ ಪರೀಕ್ಷೆಯಲ್ಲಿದೆ. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಹೊಲ ಸ್ವಂತವಾದ ಮನೆಯ ಗೆಳೆಯ ‘ಖಂಡಿತ ಒಪ್ಪುತ್ತೇನೆ’ ಒತ್ತಿದ. ದ್ರಾಕ್ಷಿ ಬೆಳೆಯುವ ಇನ್ನೊಬ್ಬ ‘ಖಂಡಿತ ಒಪ್ಪುವುದಿಲ್ಲ’ ಒತ್ತಿದ. ಚೌಕದಲ್ಲಿ ಇಬ್ಬರೂ ದೂರ ದೂರ. ಆದರೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಧರಣಿ ನಡೆದಾಗ ಇಬ್ಬರೂ ಅಲ್ಲಿ ಹೋಗಿ ಕುಳಿತು ಬಂದವರು. ಒಬ್ಬನಿಗೆ ನೆಲ ಮಾರುವಂಥದ್ದೇ ಅಲ್ಲ. ಇನ್ನೊಬ್ಬನ ಮಾತು ಬೇರೆ: “ಮಾರೋದು ಬಿಡೋದು ನನ್ ಕೈಲಿರ್ಬೇಕು ಕಣಪ್ಪ, ಯಾರೋ ಬಂದು ಕಿತ್ಕೊಳ್ಳೋದಲ್ಲ.” 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು, ಸ್ವಇಚ್ಛೆಯಿಂದ ಕೊಡುವವರ ಜಮೀನು ಮಾತ್ರ ಪಡೆಯುವುದಾಗಿ ಹೇಳಿತು. ಸಾವಿರಕ್ಕೂ ಹೆಚ್ಚು ದಿನ ನಡೆದ ಆ ಹೋರಾಟದಲ್ಲಿ ಈ ಎರಡೂ ಮಾತು ಒಂದೇ ಚಪ್ಪರದಡಿ ಇದ್ದವು. ಪರೀಕ್ಷೆ ಅವನ್ನು ಎರಡು ದಿಕ್ಕಿಗೆ ಎಳೆಯುತ್ತದೆ. ಅದಕ್ಕೆ ಸಿಗುವುದು ಒತ್ತಿದ ಗುಂಡಿ ಮಾತ್ರ, ಒತ್ತಿದ ಕಾರಣವಲ್ಲ. ಅದರ ದೊಡ್ಡ ಕೊರತೆ ಇದೇ.

ಎರಡನೆಯ ಕೊರತೆ, ಪ್ರಶ್ನೆಗಳು ಹುಟ್ಟಿದ ನೆಲ ಬೇರೆ. ಜನಾಂಗದ ಮೇಲ್ಮೆಯ ಬಗ್ಗೆ ಅದು ಕೇಳುತ್ತದೆ, ಜಾತಿಯ ಬಗ್ಗೆ ಕೇಳುವುದಿಲ್ಲ. ಮೀಸಲಾತಿ ಇಲ್ಲ, ಶಾಲೆಯ ಭಾಷೆಯ ಪ್ರಶ್ನೆ ಇಲ್ಲ. ಜ್ಯೋತಿಷದಲ್ಲಿ ನಂಬಿಕೆಯಿದೆಯೇ ಎಂದು ವಿಚಾರಿಸುತ್ತದೆ. ಆದರೆ ಪಕ್ಕದ ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸುವವರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಆ ಉತ್ತರದಿಂದ ಇಲ್ಲಿ ಯಾರ ರಾಜಕೀಯವೂ ತಿಳಿಯದು.

ಕುಡಿಯುವ ನೀರು ಬಾಟಲಿಯ ಸರಕಾದದ್ದು ವಿಷಾದದ ಸಂಗತಿ ಎಂಬ ಹೇಳಿಕೆಯನ್ನು ಗಟ್ಟಿಯಾಗಿ ಓದಿದಾಗ, ಶುದ್ಧ ನೀರಿನ ಘಟಕದಿಂದ ಆಗಷ್ಟೇ ಕ್ಯಾನ್ ತುಂಬಿಸಿಕೊಂಡು ಬಂದ, ನಾವು ಕುಳಿತಿದ್ದ ಮನೆಯ ಅತ್ತಿಗೆ ಹೇಳಿದರು: “ದುಡ್ಡು ಹಾಕಿ ನೀರು ಹಿಡಿಯೋ ಹಂಗಾಯ್ತಲ್ಲ ಅಂತ ಬೇಜಾರೇ. ಆದ್ರೆ ಇದೂ ಇಲ್ದಿದ್ರೆ ಮಕ್ಕಳಿಗೆ ಬೋರ್ ನೀರು ಕುಡಿಸ್ಬೇಕಲ್ಲ?” ಕೊಳವೆಬಾವಿ ಆಳಕ್ಕಿಳಿದಷ್ಟೂ ಫ್ಲೋರೈಡಿನ ಭಯವಿರುವ ಈ ಬಯಲುಸೀಮೆಯಲ್ಲಿ ಇದಕ್ಕಿಂತ ಪೂರ್ತಿಯಾದ ಉತ್ತರ ನಾಲ್ವರಲ್ಲಿ ಯಾರೂ ಕೊಡಲಿಲ್ಲ. ಅದನ್ನು ಒತ್ತಲು ಗುಂಡಿಯಿರಲಿಲ್ಲ.

ಬೇರೆ ಮಾದರಿಗಳೂ ಇವೆ. ಜರ್ಮನಿಯಲ್ಲಿ ಸರ್ಕಾರದ ನಾಗರಿಕ ಶಿಕ್ಷಣ ಸಂಸ್ಥೆ 2002ರಿಂದ ‘ವಾಲ್-ಓ-ಮಾಟ್’ ನಡೆಸುತ್ತಿದೆ. ಅಲ್ಲಿ ಹೇಳಿಕೆಗಳು ಆ ಚುನಾವಣೆಯದೇ. ಅವುಗಳಿಗೆ ಪಕ್ಷಗಳೇ ಉತ್ತರ ಕೊಟ್ಟಿರುತ್ತವೆ, ಕಾರಣವನ್ನೂ ಬರೆದಿರುತ್ತವೆ. ತಟಸ್ಥವಾಗಿರಬಹುದು, ಮುಖ್ಯವೆನಿಸಿದ್ದಕ್ಕೆ ಇಮ್ಮಡಿ ತೂಕ ಕೊಡಬಹುದು. ಮತದಾರನಿಗೆ ಹಣೆಪಟ್ಟಿ ಹಚ್ಚುವುದಕ್ಕಿಂತ ಅವನ ಕೈಗೆ ವಿಷಯ ಕೊಡುವುದು ಅದರ ಕೆಲಸ.

ಇಷ್ಟಾದರೂ ಆ ಭಾನುವಾರ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆದರೂ ನಮ್ಮ ಮಾತು ಯಾವ ಪಕ್ಷದವನು, ಯಾರ ಕಡೆಯವನು ಎಂಬಲ್ಲೇ ನಿಂತುಬಿಡುತ್ತದೆ. ಈ ಪರೀಕ್ಷೆಯಲ್ಲಿ ಪಕ್ಷದ ಹೆಸರಿಲ್ಲ, ನಾಯಕರ ಹೆಸರಿಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಮೊದಲ ಬಾರಿಗೆ ನಾವು ತೆರಿಗೆ, ಶಿಕ್ಷೆ, ನೀರು, ನೆಲದ ಬಗ್ಗೆ ಒಬ್ಬರನ್ನೊಬ್ಬರು ‘ಯಾಕೆ’ ಎಂದು ಕೇಳಿದೆವು. ಆ ‘ಯಾಕೆ’ ಹುಟ್ಟಿದ್ದು ಚುಕ್ಕಿಗಳನ್ನು ಪಕ್ಕಪಕ್ಕ ಇಟ್ಟಿದ್ದರಿಂದಲೇ. ಆದ್ದರಿಂದ ಪರೀಕ್ಷೆ ಸೋತಲ್ಲಿ ಹೋಲಿಕೆ ಗೆಲ್ಲಬಹುದು. ಚುಕ್ಕಿ ನೋಡಿ ಮೊಬೈಲ್ ಮುಚ್ಚದೆ, ಉತ್ತರ ಬೇರೆಯಾದ ಹೇಳಿಕೆಗೆ ಹಿಂದಿರುಗಿ ಹೋಗಬೇಕು, ಅಷ್ಟೇ.

ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ನಮ್ಮದೇ ಒಂದು ಹೇಳಿಕೆ ಬರೆದೆವು: ಊರಿನ ಒಪ್ಪಿಗೆಯಿಲ್ಲದೆ ಊರಿನ ನೆಲ ಹೋಗಬಾರದು. ನಾಲ್ವರೂ ಒಪ್ಪಿದೆವು. ಆಗ ಒಬ್ಬ ಕೇಳಿದ, ಊರು ಅಂದರೆ ಪಹಣಿಯಲ್ಲಿ ಹೆಸರಿರುವವರು ಮಾತ್ರವೋ, ಆ ಹೊಲದಲ್ಲಿ ಕೂಲಿಗೆ ಕಳೆ ಕೀಳುವವರೂ ಸೇರಿಯೋ? ದೀಪ ಹಚ್ಚುವ ಹೊತ್ತಾದರೂ ಆ ಮಾತು ಮುಗಿಯಲಿಲ್ಲ.