ಒಂದು ಇಂಚಿಗೆ ಐದು ಅಡಿ

ಆಟಿಕೆಯ ಡಬ್ಬದ ಮೇಲೆ ಒಂದು ಭಿನ್ನರಾಶಿಯನ್ನು ಅಚ್ಚು ಹಾಕಿದವರು ನಮಗೆ ಏನೋ ಒಂದು ಮಾತು ಕೊಟ್ಟಿದ್ದಾರೆ ಎಂದೇ ನಾನು ತಿಳಿಯುತ್ತೇನೆ. ನಮ್ಮ ದಸರಾ ಬೊಂಬೆಗಳು ಅಂಥ ಮಾತು ಕೊಡುವುದಿಲ್ಲ. ಪಟ್ಟದ ಬೊಂಬೆಗಳು ಮೇಲಿನ ಮೆಟ್ಟಿಲಲ್ಲಿ ಮೊಳದುದ್ದ ನಿಂತಿದ್ದರೆ ಕೆಳಗಿನ ಆನೆ ಅಂಬಾರಿ ಸಮೇತ ಅವುಗಳ ಮೊಣಕಾಲಿಗೂ ಬರುವುದಿಲ್ಲ. ಶೆಟ್ಟಿ ಶೆಟ್ಟಿತಿಯರ ಅಂಗಡಿಯಲ್ಲಿ ಹರಡಿದ ಕಡಲೆಕಾಳು ಶೆಟ್ಟರ ಮುಷ್ಟಿಯಷ್ಟು ದಪ್ಪ. ಯಾರೂ ತಕರಾರು ತೆಗೆಯುವುದಿಲ್ಲ, ಏಕೆಂದರೆ ಅಲ್ಲಿ ಮರ್ಯಾದೆಗೆ ತಕ್ಕ ಎತ್ತರ. ಆದರೆ ಡಬ್ಬದ ಮೇಲೆ 1/60 ಎಂದು ಬರೆದ ಮೇಲೆ ಲೆಕ್ಕ ಕೇಳುವ ಹಕ್ಕು ನೋಡುವವರಿಗೆ ಬಂದೇ ಬರುತ್ತದೆ.

ನಾನು ಹೇಳಹೊರಟಿರುವುದು ಜಪಾನಿನ ಒಂದು ಆಟಿಕೆ ವಿಮಾನದ ವಿಷಯ. ಇದೆಲ್ಲ ಗಂಡುಹುಡುಗರ ಹುಚ್ಚು, ನಮಗೇಕೆ ಎನ್ನಬೇಡಿ. ಇಂಥ ಆಟಿಕೆಗಳನ್ನು ಕೊಳ್ಳುವವರು ಈಗ ನಲವತ್ತರ ಆಸುಪಾಸಿನ ಗೃಹಸ್ಥರು. ಅವು ನಿಲ್ಲುವುದು ನಮ್ಮ ಹಜಾರದ ಗಾಜಿನ ಬೀರುವಿನಲ್ಲಿ, ದೂಳು ಹೊಡೆಯುವವರು ನಾವು. ನನ್ನ ಅಕ್ಕನ ಮಗನ ಬಳಿ ಇಂಥವು ಹನ್ನೊಂದು ಇವೆ. ಈಗ ಎರಡನೆಯ ಕೂಸು ಬಂದಿದೆ, ಮನೆ ಮಾತ್ರ ಹಿಂದಿನಷ್ಟೇ. ಉಳಿಯುವುದು ಒಂದೇ ಅರೆ ಎಂದು ಅವನ ಹೆಂಡತಿ ತೀರ್ಪು ಕೊಟ್ಟಿದ್ದಾಳೆ. "ಯಾವ ಅಳತೆಯದನ್ನು ಇಟ್ಟುಕೊಳ್ಳಲಿ, ನೀವೇ ಹೇಳಿ ಚಿಕ್ಕಮ್ಮ" ಎಂದು ಅವನು ಕೇಳಿದ್ದು ತಮಾಷೆಗಿರಬಹುದು. ಒಂದು ವಾರ ಅವರ ಮನೆಯಲ್ಲಿದ್ದಾಗ ನಾನು ಒಂದೊಂದನ್ನೂ ಕೈಗೆ ತೆಗೆದುಕೊಂಡು ನೋಡಿದ್ದು ತಮಾಷೆಗಲ್ಲ.

ವಿಮಾನದ ಹೆಸರು ವಿಎಫ್-1 ವಾಲ್ಕಿರಿ. 1982ರ ಅಕ್ಟೋಬರಿನಲ್ಲಿ ಜಪಾನಿನ ಟೀವಿಯಲ್ಲಿ ಆರಂಭವಾದ 'ಮಾಕ್ರಾಸ್' ಎಂಬ 36 ಕಂತುಗಳ ಕಾರ್ಟೂನಿಗಾಗಿ ಶೋಜಿ ಕವಾಮೊರಿ ಎಂಬ ತರುಣ ಇದನ್ನು ರೂಪಿಸಿದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಅಮೆರಿಕದ ನೌಕಾಪಡೆಯಲ್ಲಿ 2006ರವರೆಗೆ ಇದ್ದ ಎಫ್-14 ಟಾಮ್‌ಕ್ಯಾಟ್ ಎಂಬ ರೆಕ್ಕೆ ಮಡಿಸುವ ಯುದ್ಧವಿಮಾನದ ಛಾಯೆ ಇದರಲ್ಲಿ ಎದ್ದು ಕಾಣುತ್ತದೆ. ವಿಮಾನದ ಎರಡು ಎಂಜಿನ್ನುಗಳೇ ಎರಡು ಕಾಲುಗಳು, ಬೆಂಕಿ ಉಗುಳುವ ಕೊಳವೆಗಳೇ ಪಾದ. ಕೈಗಳು ಹೊಟ್ಟೆಯಡಿಯಲ್ಲಿ ಎರಡು ಕಾಲುಗಳ ನಡುವೆ ಅಡಗಿರುತ್ತವೆ. ತಲೆಯೂ ಅಲ್ಲೇ ಕೆಳಗೆ ಬಂದೂಕಿನಂತೆ ಜೋತುಬಿದ್ದಿರುತ್ತದೆ. ಕಾಲುಗಳನ್ನು ಮುಂದಕ್ಕೆ ಇಳಿಸಿ, ಚೂಪು ಮೂಗನ್ನು ಕೆಳಮುಖ ಮಾಡಿ ಸೊಂಟವಾಗಿಸಿ, ರೆಕ್ಕೆಯನ್ನು ಬೆನ್ನಿಗೆ ಮಡಿಸಿದರೆ ಮನುಷ್ಯಾಕಾರ ಎದ್ದು ನಿಲ್ಲುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಕೈಕಾಲು ಬಂದ ವಿಮಾನ, ಗದ್ದೆಯಲ್ಲಿ ನಿಂತ ಕೊಕ್ಕರೆಯ ಹಾಗೆ. ಇದಕ್ಕೆ ಗರ್ವಾಕ್ ಎಂದು ಹೆಸರಿಟ್ಟಿದ್ದಾರೆ. ಮೂರು ರೂಪದಲ್ಲಿ ನನಗೆ ಇಷ್ಟವಾದದ್ದು ಇದೇ.

ಕಥೆ ಕೇಳಿದರೆ ಈ ಮನುಷ್ಯಾಕಾರ ಏಕೆಂದು ತಿಳಿಯುತ್ತದೆ. ಬಾಹ್ಯಾಕಾಶದಿಂದ ಬಂದ ಜೆಂಟ್ರಾಡಿ ಎಂಬ ಶತ್ರುಗಳು ಮನುಷ್ಯನ ಐದಾರು ಪಟ್ಟು ಎತ್ತರದ ದೈತ್ಯರು. ಅವರೊಡನೆ ಕೈಗೆ ಕೈ ಕೊಟ್ಟು ಹೋರಾಡಲು ವಿಮಾನವೇ ಎದ್ದು ನಿಲ್ಲಬೇಕಾಯಿತು. ಅಂದರೆ ಈ ಕಥೆಯ ವಸ್ತುವೇ ಅಳತೆ. ದೈತ್ಯರು ಯಂತ್ರದ ಮೂಲಕ ಮನುಷ್ಯರಷ್ಟು ಕುಗ್ಗಬಲ್ಲರು. ಹಾಗೆ ಕುಗ್ಗಿ ಬಂದ ಮೂವರು ಗೂಢಚಾರರು ಮನುಷ್ಯರ ನಡುವೆ ಕೆಲವು ದಿನ ಇದ್ದು, ಒಬ್ಬ ಹಾಡುಗಾರ್ತಿಯ ಬೊಂಬೆಯನ್ನು ತಮ್ಮವರಿಗೆ ಹೊತ್ತೊಯ್ಯುತ್ತಾರೆ. ಯುದ್ಧವನ್ನಲ್ಲದೆ ಬೇರೇನನ್ನೂ ಕಾಣದ ಆ ದೈತ್ಯರ ಮನಸ್ಸು ಕೆಡಲು ಅಷ್ಟು ಸಾಕಾಗುತ್ತದೆ. ಬೊಂಬೆ ಮಾರುವವರು ಮಾಡಿಸಿದ ಕಾರ್ಟೂನಿನಲ್ಲಿ ಬೊಂಬೆಗೆ ಇಷ್ಟು ಒಳ್ಳೆಯ ಪಾತ್ರ ಸಿಕ್ಕಿದ್ದು ಆಕಸ್ಮಿಕವೋ ಏನೋ!

ಈಗ ಲೆಕ್ಕಕ್ಕೆ ಬರೋಣ. ನಕ್ಷೆಯ ಪ್ರಮಾಣ ಕಲಿಸುವಾಗ ಏಳನೆಯ ತರಗತಿಯ ಮಕ್ಕಳು ಎಡವುವ ಜಾಗದಲ್ಲೇ ದೊಡ್ಡವರೂ ಎಡವುತ್ತಾರೆ. 60 ದೊಡ್ಡದು, 48 ಚಿಕ್ಕದು, ಆದ್ದರಿಂದ 1/60ರ ಆಟಿಕೆ ದೊಡ್ಡದು ಎಂದುಕೊಳ್ಳುತ್ತಾರೆ. ಒಂದೇ ಕಣಕವನ್ನು ನಲವತ್ತೆಂಟು ಉಂಡೆ ಮಾಡಿದರೆ ದೊಡ್ಡ ಹೋಳಿಗೆ ಬರುತ್ತದೋ ಅರವತ್ತು ಮಾಡಿದರೆ ಬರುತ್ತದೋ ಎಂದು ಕೇಳಿದರೆ ಯಾವ ಹೆಂಗಸೂ ತಪ್ಪು ಉತ್ತರ ಹೇಳಲಾರಳು. ಕಥೆಯಲ್ಲಿ ಈ ವಿಮಾನದ ಉದ್ದ 14.23 ಮೀಟರ್, ಎದ್ದು ನಿಂತರೆ ಎತ್ತರ 12.68 ಮೀಟರ್. ಅದರಂತೆ 1/100ರಲ್ಲಿ ವಿಮಾನದ ಉದ್ದ 14 ಸೆಂಟಿಮೀಟರ್, 1/72ರಲ್ಲಿ ಸುಮಾರು 20, 1/60ರಲ್ಲಿ 24ಕ್ಕೆ ಸ್ವಲ್ಪ ಕಡಿಮೆ, 1/55ರಲ್ಲಿ 26, 1/48ರಲ್ಲಿ ಹೆಚ್ಚುಕಡಿಮೆ 30.

1/72 ಮತ್ತು 1/48 ಇಂಗ್ಲಿಷಿನವರ ಅಡಿ-ಇಂಚಿನಿಂದ ಬಂದವು. ಮೊದಲನೆಯದರಲ್ಲಿ ಆರಡಿಗೆ ಒಂದು ಇಂಚು, ಎರಡನೆಯದರಲ್ಲಿ ಒಂದಡಿಗೆ ಕಾಲು ಇಂಚು. ಬಿಡಿಭಾಗ ಅಂಟಿಸಿ ಮಾಡುವ ಮಾದರಿ ವಿಮಾನಗಳಲ್ಲಿ 1/72 ಹಿಂದಿನಿಂದ ನಡೆದುಬಂದ ಅಳತೆ. ಜಪಾನಿನ ಹಸೆಗಾವ ಕಂಪನಿಯ 1/72ರ ವಾಲ್ಕಿರಿ ಬಹಳ ಚೆಂದ, ಆದರೆ ಅದು ರೂಪ ಬದಲಿಸುವುದಿಲ್ಲ. ಒಂದೊಂದು ರೂಪಕ್ಕೂ ಬೇರೆ ಡಬ್ಬ ಕೊಳ್ಳಬೇಕು. ಅದು ನಮ್ಮ ಚರ್ಚೆಗೆ ಸೇರುವುದಿಲ್ಲ.

ಮೊದಲ ಆಟಿಕೆ 1/55. ತಕಾತೊಕು ಎಂಬ ಕಂಪನಿ ಕಾರ್ಟೂನಿನ ಕಾಲದಲ್ಲೇ ತಂದದ್ದು. 1984ರಲ್ಲಿ ಆ ಕಂಪನಿ ಮುಳುಗಿದ ಮೇಲೆ ಅದರ ಅಚ್ಚುಗಳು ಬಂಡೈ ಕಂಪನಿಗೆ ಹೋದವು. 1985ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಇದೇ ಆಟಿಕೆಗೆ ಕೆಂಪು ಬಿಳಿ ಬಣ್ಣ ಬಳಿದು 'ಟ್ರಾನ್ಸ್‌ಫಾರ್ಮರ್ಸ್' ಸಾಲಿನಲ್ಲಿ ಜೆಟ್‌ಫೈರ್ ಎಂದು ಮಾರಿತು. 55 ಎಂಬ ಸಂಖ್ಯೆಗೆ ಯಾವ ಸಂಪ್ರದಾಯದ ಬೆಂಬಲವೂ ಇಲ್ಲ. ಮಗುವಿನ ಎರಡು ಕೈಯಲ್ಲಿ ನಿಲ್ಲುವ ಗಾತ್ರ ಮೊದಲು ಬಂದು, ಭಿನ್ನರಾಶಿ ಆಮೇಲೆ ಬಂದಿರಬೇಕು ಎಂದು ನನ್ನ ಊಹೆ. ಇದು ದಪ್ಪ ಕಾಲಿನ, ಗಿಡ್ಡ ಕೊರಳಿನ, ಹಳ್ಳಿಯ ಬಡಗಿ ಮಾಡಿದ ತೊಟ್ಟಿಲಿನಂಥ ಗಟ್ಟಿ ವಸ್ತು. ಟಾಮ್‌ಕ್ಯಾಟಿನ ನಾಜೂಕು ಇದರಲ್ಲಿ ಹುಡುಕಬೇಡಿ. ಆದರೆ ಅಕ್ಕನ ಮೊಮ್ಮಗಳು, ಎಂಟು ವರ್ಷದ ಹುಡುಗಿ, ಯಾರ ಸಹಾಯವೂ ಇಲ್ಲದೆ ಇದನ್ನು ಮೂರು ರೂಪಕ್ಕೂ ತಿರುಗಿಸುತ್ತಾಳೆ. ಕಟಕ್ ಕಟಕ್ ಎಂದು ಒಂದೊಂದು ಕೀಲೂ ಕೂರುವ ಸದ್ದು ಕೇಳಿದರೆ ಪಕ್ಕದ ಕೋಣೆಯಲ್ಲಿದ್ದರೂ ಅವಳು ಎಲ್ಲಿಗೆ ಬಂದಳೆಂದು ಹೇಳಬಹುದು.

ಇನ್ನೊಂದು ತುದಿಯಲ್ಲಿ 1/100. ಬಂಡೈಯವರ ಹೈ-ಮೆಟಲ್ ಆರ್ ಎಂಬ ಸಾಲಿನದು. ಅಂಗೈಯಗಲದ ಗಾತ್ರದಲ್ಲಿ ಮೂರೂ ರೂಪ ತಂದಿರುವುದು ಮೆಚ್ಚಬೇಕಾದ ಕೆಲಸವೇ. ಆದರೆ ಪ್ಲಾಸ್ಟಿಕ್ಕಿಗೆ ಪ್ರಮಾಣದ ಹಂಗಿಲ್ಲ ನೋಡಿ. ಆಟಿಕೆ ಅರ್ಧ ಆಯಿತೆಂದು ಕೀಲಿನ ಗೋಡೆಯೂ ಅರ್ಧ ಆದರೆ ಮುರಿಯುತ್ತದೆ. ಹಾಗಾಗಿ ಚಿಕ್ಕದಾದಷ್ಟೂ ಭಾಗಗಳು ತಮ್ಮ ಪಾಲಿಗಿಂತ ದಪ್ಪ ಉಳಿಯಬೇಕು, ಇಲ್ಲವೇ ತೀರ ಸೂಕ್ಷ್ಮವಾಗಬೇಕು. ಇದನ್ನು ಮಡಿಸುವಾಗ ನನಗೆ ಮೂಗುತಿಯ ತಿರುಪು ಹಾಕುವ ನೆನಪಾಯಿತು. ಕನ್ನಡಕ ಬೇಕು, ಉಗುರು ಬೇಕು, ಉಸಿರು ಬಿಗಿಹಿಡಿಯಬೇಕು. ಅಷ್ಟೆಲ್ಲ ಮಾಡಿ ಕೈಯಲ್ಲಿ ಉಳಿಯುವುದು ತಾಳ್ಮೆಯ ಪರೀಕ್ಷೆ, ವಿಮಾನವಲ್ಲ.

ಸಂಗ್ರಾಹಕರ ಮೋಹವೆಲ್ಲ 1/48ರ ಮೇಲೆ. 2002ರಲ್ಲಿ ಯಮಾಟೊ ಎಂಬ ಕಂಪನಿ ಈ ಅಳತೆಯಲ್ಲಿ, ಒಂದು ಭಾಗವನ್ನೂ ಕಳಚದೆ ಪೂರ್ತಿ ರೂಪಾಂತರವಾಗುವ ವಾಲ್ಕಿರಿಯನ್ನು ತಂದಿತು. ಅದಕ್ಕೆ ಹಿಂದಿನ ವರ್ಷ ಬಂದಿದ್ದ ಅವರದೇ 1/60ರಲ್ಲಿ ಕಾಲುಗಳನ್ನು ಕಳಚಿ ಬೇರೆ ಜಾಗಕ್ಕೆ ಸಿಕ್ಕಿಸಬೇಕಿತ್ತು. ಕಾಲು ಕಿತ್ತಿಟ್ಟು ರೂಪ ಬದಲಾಯಿತು ಎನ್ನುವುದು ನನ್ನ ಮಟ್ಟಿಗೆ ಮೋಸದಾಟ. ಆದ್ದರಿಂದ 1/48ಕ್ಕೆ ಸಿಕ್ಕ ಹೊಗಳಿಕೆ ನ್ಯಾಯವಾದದ್ದೇ. ಈಗ ಬಂಡೈ ಕೂಡ ಡಿಎಕ್ಸ್ ಚೊಗೊಕಿನ್ ಸಾಲಿನಲ್ಲಿ ಇದೇ ಅಳತೆಯನ್ನು ಹಿಡಿದಿದೆ. ವಿಮಾನದ ರೂಪದಲ್ಲಿ ಇದನ್ನು ಮೀರಿಸುವುದಿಲ್ಲ. ಗಾಜಿನ ಮುಚ್ಚಳದೊಳಗೆ ಕುಳಿತ ಚಾಲಕನ ಮುಖ ಕಾಣುತ್ತದೆ, ಮೈಮೇಲಿನ ಅಕ್ಷರಗಳನ್ನು ಓದಬಹುದು.

ತೊಂದರೆ ಬರುವುದು ಅದನ್ನು ಎತ್ತಿಕೊಂಡಾಗ. 1/60ಕ್ಕಿಂತ 1/48 ಉದ್ದದಲ್ಲಿ ಒಂದೂಕಾಲು ಪಟ್ಟು ಅಷ್ಟೆ. ಆದರೆ ಒಂದೂಕಾಲು ಪಟ್ಟು ದೊಡ್ಡ ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ? ಉದ್ದ, ಅಗಲ, ಎತ್ತರ ಮೂರೂ ಬೆಳೆಯುವುದರಿಂದ 1.25 ಅನ್ನು ಮೂರು ಸಲ ಗುಣಿಸಬೇಕು: 1.95. ಸರಿಸುಮಾರು ಎರಡು ಕೊಡ. ಆಟಿಕೆಯ ತೂಕವೂ ಒಂದೇ ವಸ್ತುವಿನಿಂದ ಮಾಡಿದರೆ ಹೀಗೆಯೇ ಏರುತ್ತದೆ. ಅದನ್ನು ಹೊರುವ ಕೀಲಿನ ಅಡ್ಡಕೊಯ್ತ ಮಾತ್ರ ಒಂದೂವರೆಗೆ ಚೂರು ಮೇಲೆ ಬೆಳೆದಿರುತ್ತದೆ. ಅದರ ಮೇಲೆ ಕಾಲು ಕೈಗಳು ಉದ್ದವಾದಷ್ಟೂ ಕೀಲಿಗೆ ಜಗ್ಗಾಟ ಹೆಚ್ಚು. ವಿಮಾನವನ್ನು ಮಲಗಿಸಿಟ್ಟವರಿಗೆ ಇದು ಗೊತ್ತಾಗುವುದಿಲ್ಲ. ಗರ್ವಾಕ್ ರೂಪದಲ್ಲಿ, ಮಂಡಿ ಹಿಂದಕ್ಕೆ ಬಾಗಿಸಿ ನಿಲ್ಲಿಸಿದಾಗ ಎಲ್ಲ ಭಾರವೂ ಸೊಂಟ ಮತ್ತು ಹರಡಿಗೆ ಬಂದು, ಬೆಳಗ್ಗೆ ನಿಂತದ್ದು ಸಂಜೆಗೆ ಕುಸಿದಿರುತ್ತದೆ. ಕೀಲನ್ನು ಬಿಗಿ ಮಾಡಿದರೆ ತಿರುಗಿಸಲು ಬಲ ಬೇಕು, ಬಲ ಹಾಕಿದರೆ ಭುಜದ ತೆಳು ಭಾಗಕ್ಕೆ ಅಪಾಯ. ಇದನ್ನು ಮಡಿಸಬೇಕಾದರೆ ಮೇಜಿನ ಮೇಲೆ ಟವೆಲು ಹಾಸಿ, ಬಾಣಂತಿಯ ಕೂಸನ್ನು ಎರೆಯಲು ಕಾಲ ಮೇಲೆ ಮಲಗಿಸಿಕೊಂಡಷ್ಟು ಜಾಗರೂಕತೆ ಬೇಕು. ಕೂಸಿಗೆ ಎರೆಯಲು ನಮಗೆ ಬೇಸರವಿಲ್ಲ. ಆಟಿಕೆಗೆ ದಿನಾ ಯಾರು ಎರೆಯುತ್ತಾರೆ? ಅಕ್ಕನ ಮಗನ ಎರಡು 1/48ಗಳೂ ಕೊಂಡ ದಿನದಿಂದ ವಿಮಾನವಾಗಿಯೇ ಇವೆ. ಮಗಳು ಗಾಜಿನ ಹೊರಗಿನಿಂದ ನೋಡಬಹುದು, ಮುಟ್ಟುವಂತಿಲ್ಲ. ರೂಪ ಬದಲಿಸುವುದಕ್ಕಾಗಿಯೇ ಹುಟ್ಟಿದ ವಸ್ತು ಒಂದೇ ರೂಪದಲ್ಲಿ ಸೆರೆಯಾಗಿದೆ. ಬೀರುವಿನ ಆಳವೂ ಹನ್ನೊಂದೇ ಇಂಚಾದ್ದರಿಂದ ಎದುರುಮುಖವಾಗಿ ಇಟ್ಟರೆ ಬಾಗಿಲು ಮುಚ್ಚದೆ, ಅಡ್ಡಡ್ಡ ಮಲಗಿವೆ.

2008ರಲ್ಲಿ ಯಮಾಟೊ 1/60ನ್ನು ಹೊಸದಾಗಿ ಮಾಡಿತು. ಈ ಸಲ ಕಾಲು ಕಳಚುವಂತಿಲ್ಲ, 1/48ರಲ್ಲಿ ಕಲಿತ ವಿದ್ಯೆಯನ್ನೆಲ್ಲ ಚಿಕ್ಕ ಮೈಯೊಳಗೆ ತುಂಬಿದರು. ಆ ಕಂಪನಿ ನಿಂತ ಮೇಲೆ ಅರ್ಕೇಡಿಯಾ ಎಂಬುದು ಅದನ್ನು ಮುಂದುವರಿಸಿತು. ಸುಮಾರು 24 ಸೆಂಟಿಮೀಟರ್ ಎಂದೆನಲ್ಲ, ಅದು ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಗೇಣು. ಹೂವು ಅಳೆಯುವಾಗ, ರವಿಕೆಯ ತೋಳು ಅಂದಾಜು ಮಾಡುವಾಗ ನಾವು ಚಾಚುವ ಗೇಣು. ಎಡಗೈ ಮೈಯನ್ನು ಹಿಡಿದಿರುತ್ತದೆ, ಬಲಗೈ ಕೆಲಸ ಮಾಡುತ್ತದೆ. ಮೇಜು ಬೇಡ, ಟವೆಲು ಬೇಡ. ಕೊಕ್ಕರೆಯಂತೆ ನಿಲ್ಲಿಸಿದ್ದು ನಾನಿದ್ದ ವಾರವಿಡೀ ಹಾಗೇ ನಿಂತಿತ್ತು. ಇಂಚಿಗೆ ಐದು ಅಡಿಯ ಈ ಲೆಕ್ಕದಲ್ಲಿ ನನ್ನಂಥ ಐದಡಿಯ ಹೆಂಗಸು ಸರಿಯಾಗಿ ಒಂದು ಇಂಚು, ಅಂದರೆ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು. ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದು ನೋಡಿದರೆ ಆ ಯಂತ್ರ ಎಷ್ಟು ದೊಡ್ಡದೆಂದು ಮೈ ಜುಮ್ಮೆನ್ನುತ್ತದೆ. ಈ ಅನುಭವ ಕೊಡದ ಅಳತೆಯಿಂದ ಏನು ಪ್ರಯೋಜನ?

ಇನ್ನೊಂದು ವಾದವಿದೆ, ಅದು ಜೊತೆಗಾರರದು. ಮಾಕ್ರಾಸಿನ ಕಥೆ ಒಂದಕ್ಕೇ ಮುಗಿಯಲಿಲ್ಲ. 2008ರ 'ಮಾಕ್ರಾಸ್ ಫ್ರಾಂಟಿಯರ್'ನ ವಿಎಫ್-25 ಕಥೆಯ ಕಾಲದಲ್ಲಿ ವಾಲ್ಕಿರಿಗಿಂತ ಐವತ್ತು ವರ್ಷ ಈಚಿನದು, ಉದ್ದ 18.72 ಮೀಟರ್. ಬಂಡೈ ಇದನ್ನು 1/60ರಲ್ಲಿ ಮಾಡುತ್ತದೆ, 31 ಸೆಂಟಿಮೀಟರ್ ಬರುತ್ತದೆ. 1/48ರಲ್ಲಿ ಮಾಡಿದರೆ 39. ಅದನ್ನು ಇಡಲು ಬೀರು ಸಾಲದು, ಮಂಚ ಬೇಕು. ಈಗ 1/48ರ ವಾಲ್ಕಿರಿಯನ್ನು 1/60ರ ವಿಎಫ್-25ರ ಪಕ್ಕ ಇಟ್ಟರೆ ಅಜ್ಜ ಮೊಮ್ಮಗ ಒಂದೇ ಎತ್ತರಕ್ಕೆ ಕಾಣುತ್ತಾರೆ. ಒಂದೊಂದು ಡಬ್ಬದ ಮೇಲಿನ ಭಿನ್ನರಾಶಿಯೂ ನಿಜ, ಎರಡೂ ಸೇರಿದ ಅರೆ ಸುಳ್ಳು. ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. ದೊಡ್ಡದನ್ನು ಕೊಂಡು ಮುಟ್ಟದೆ ಇಡುವುದು ಎರಡು ಸಲ ದಂಡ ತೆತ್ತಂತೆ.

ಅಷ್ಟೆಂದು 1/60ರಲ್ಲಿ ಕುಂದಿಲ್ಲವೆಂದಲ್ಲ. ಚಕ್ರಗಳನ್ನು ಹೊರಗೆಳೆಯಲು ಉಗುರೇ ಗತಿ. ಮನುಷ್ಯಾಕಾರದಲ್ಲಿ 21 ಸೆಂಟಿಮೀಟರ್ ಆಗಿ ನಿಂತಾಗ 1/48ರ ಗಾಂಭೀರ್ಯ ಇಲ್ಲ. ಎಂಟು ವರ್ಷದ ಕೈಗೆ ಪೂರ್ತಿ ಬಿಟ್ಟುಕೊಡುವಷ್ಟು ಗಟ್ಟಿಯೂ ಅಲ್ಲ. ನಾನು ಹಿಡಿದುಕೊಂಡಿರಬೇಕು, ಅವಳು ತಿರುಗಿಸಬೇಕು. ಆದ್ದರಿಂದ ಅಕ್ಕನ ಮಗನಿಗೆ ನಾನು ಹೇಳಿದ್ದು ಹೀಗೆ: ಅರೆಯಲ್ಲಿ 1/60ಗಳಿರಲಿ, 1/48ಗಳನ್ನು ಬೇಕಾದವರಿಗೆ ಮಾರು, ಹಳೆಯ 1/55 ಅರೆಗೆ ಸೇರುವುದೇ ಬೇಡ, ಅದು ಮಗಳ ಬುಟ್ಟಿಯಲ್ಲಿರಲಿ. ಅವನು 1/48 ಒಂದಾದರೂ ಇರಲಿ ಎಂದು ಇನ್ನೂ ಹೆಂಡತಿಯ ಹತ್ತಿರ ಚೌಕಾಸಿ ಮಾಡುತ್ತಿದ್ದಾನೆ.

ಮಗಳ ಆಯ್ಕೆ ಮಾತ್ರ ಖಚಿತ. 1/60ಗಳಲ್ಲಿ ಕೆಂಪು ಬಣ್ಣದ್ದೊಂದಿದೆ, ಮೀಲಿಯಾಳದು. ಅವಳು ದೈತ್ಯರ ಪಡೆಯ ಅತಿ ನಿಪುಣ ಯೋಧೆ. ತನ್ನನ್ನು ಸೋಲಿಸಿದ ಮನುಷ್ಯ ಚಾಲಕನನ್ನು ಕೊಲ್ಲಲೆಂದು ಮೈ ಕುಗ್ಗಿಸಿಕೊಂಡು ಬಂದು, ಅವನನ್ನೇ ಮದುವೆಯಾಗಿ, ಅವನ ಬಳಗದ ಕೆಂಪು ವಾಲ್ಕಿರಿಯನ್ನು ಹತ್ತುತ್ತಾಳೆ. ಕುಗ್ಗುವ ಮೊದಲು ಅವಳು ಎಷ್ಟು ಎತ್ತರ ಇದ್ದಳು ಎಂದು ಹುಡುಗಿ ಕೇಳಿದಳು. ಹತ್ತು ಮೀಟರ್ ಎಂದು ಹಿಡಿದು ಅರವತ್ತರಿಂದ ಭಾಗಿಸು ಎಂದೆ. ಹದಿನಾರೂ ಮುಕ್ಕಾಲು ಸೆಂಟಿಮೀಟರ್ ಬಂತು. ರಟ್ಟಿನಲ್ಲಿ ಅಷ್ಟೆತ್ತರದ ಹೆಂಗಸನ್ನು ಕತ್ತರಿಸಿ, ಹಸಿರು ಕೂದಲು ಬರೆದು, ಎದ್ದು ನಿಂತ ಕೆಂಪು ವಿಮಾನದ ಪಕ್ಕ ಒರಗಿಸಿಟ್ಟಿದ್ದಾಳೆ. ಅದರ ಎದೆಯವರೆಗೆ ಬರುತ್ತದೆ.