ಎರೆಹೊಲದ ಎಡೆಕುಂಟೆ

ಬೀದರ ಜಿಲ್ಲೆಯ ಔರಾದ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ ಬರುವುದು ಮಣ್ಣು ಹಿಡಿದಿಟ್ಟ ತೇವದ ಮೇಲೆ. ಬಿಸಿಲು, ಒಣಗಾಳಿ ಸೇರಿ ಅದನ್ನು ಹೀರುತ್ತವೆ. ಎಲೆಗಳೂ ಆವಿ ಬಿಡುತ್ತವೆ. ಎಲೆಯಿಂದ ಹೋದದ್ದು ಬೆಳೆಗೆ ದಕ್ಕಿದ ನೀರು, ಒಣಗಿದ ನೆಲದ ಬಿರುಕಿನಿಂದ ಹೋದದ್ದು ಬರೀ ನಷ್ಟ. ಆ ನಷ್ಟಕ್ಕೆ ತಡೆ ಎಡೆಕುಂಟೆ. ಎತ್ತು ಎಳೆದಂತೆ ಅದರ ಅಗಲ ಕುಡ ಸಾಲುಗಳ ನಡುವೆ ಮೇಲ್ಮಣ್ಣನ್ನಷ್ಟೇ ಸೀಳುತ್ತದೆ. ಕಳೆಯ ಬೇರು ಕತ್ತರಿಸಿ ಹೋಗುತ್ತದೆ, ಪುಡಿಮಣ್ಣು ಉದುರಿ ಬಿರುಕಿನ ಬಾಯಿ ಮುಚ್ಚುತ್ತದೆ. ಎಷ್ಟು ಸರಳ, ಎಷ್ಟು ಜಾಣ ಸಲಕರಣೆ! ಬೀದರ ನಗರದ ಜಂಬಿಟ್ಟಿಗೆ ನೆಲದಲ್ಲಿ ಉಪಾಯವೇ ಬೇರೆ: ಬಹಮನಿ ಕಾಲದ ನೌಬಾದ್ ಕರೇಜ್ ನೀರನ್ನು ಬಿಸಿಲಿಗೆ ತೋರಿಸದೆ ಸುರಂಗದಲ್ಲಿ ಹರಿಸಿತು. ಅದೂ ದೊಡ್ಡದೇ. ಆದರೆ ನನ್ನ ಒಲವು ಕುಂಟೆಗೆ. ರೈತ ಬಂಧುಗಳೇ, ಕಳೆ ಇಲ್ಲದಿದ್ದರೂ ಬಿರುಕು ಕಂಡೊಡನೆ ಎಡೆ ಹೊಡೆಯಿರಿ.